ಐದನೇ ಕ್ಲಾಸಿನ ಮಗಳಿಗೆ ನವೋದಯ ಪರೀಕ್ಷೆ: ಮನೆಯಲ್ಲೇ ಓದಿಸಿದರೆ ಸಾಕಾ, ವಸತಿ ಕೋಚಿಂಗ್ ಬೇಕೇ ಬೇಕಾ?

ಹಿರೇಕೆರೂರು ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ, ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ಗೋವಿನಜೋಳ, ಹತ್ತಿ ಬೆಳೆಯುತ್ತೇವೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಓದಿನಲ್ಲಿ ಚುರುಕಾಗಿದ್ದಾಳೆ. ಈ ಸಲ ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಗೆ ಆರನೇ ಕ್ಲಾಸಿಗೆ ಸೇರುವ ಪರೀಕ್ಷೆ ಕಟ್ಟಿಸಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಸೆ.

ಪೇಟೆಯಲ್ಲಿ ಒಂದು ಕೋಚಿಂಗ್ ಸೆಂಟರ್ ಇದೆ, ಅಲ್ಲೇ ಹಾಸ್ಟೆಲ್ಲೂ ಇದೆ, ಪರೀಕ್ಷೆ ಮುಗಿಯುವ ತನಕ ಅಲ್ಲಿ ಬಿಡಿ ಅಂತ ನನ್ನ ಮೈದುನ ಹೇಳುತ್ತಾನೆ. ಹೋಗಿ ವಿಚಾರಿಸಿದೆವು. ಅವರು ಕೇಳುವ ಫೀಸು ನಮ್ಮ ಒಂದು ಬೆಳೆಯ ದುಡ್ಡು. ‘ಹೆಸರು ಊರಿನ ಶಾಲೆಯಲ್ಲೇ ಇರಲಿ, ಹಾಜರಿ ಹೇಗೋ ಹೊಂದಿಸೋಣ, ಹುಡುಗಿ ನಮ್ಮ ಹತ್ತಿರ ಇರಲಿ’ ಅಂದರು. ಆ ಮಾತು ನನಗೆ ಸರಿ ಕಾಣಲಿಲ್ಲ. ನಮ್ಮ ಮನೆಯವರಿಗೂ ಮಗಳನ್ನು ಕಳಿಸಲು ಮನಸ್ಸಿಲ್ಲ. ಆದರೂ ಮಗಳ ಓದಿಗೆ ನಾವೇ ಅಡ್ಡ ನಿಂತ ಹಾಗೆ ಆಗಬಾರದಲ್ಲ ಅನ್ನುವ ಹೆದರಿಕೆ ಇಬ್ಬರಿಗೂ ಇದೆ.

ನಾನು ಪಿಯುಸಿ ಓದಿದ್ದೇನೆ. ಸಂಜೆ ಹೊತ್ತು ಕೂರಿಸಿಕೊಂಡು ಹೇಳಿಕೊಡಬಲ್ಲೆ. ಅಷ್ಟು ಸಾಕಾಗುತ್ತಾ? ಒಂದೇ ಸಲ ಬರೆಯಲು ಬಿಡುತ್ತಾರಂತೆ, ನಿಜವಾ? ಸೀಟು ಸಿಗದಿದ್ದರೆ ಮಗು ಹೇಗೆ ತಡೆದುಕೊಳ್ಳುತ್ತಾಳೆ ಅನ್ನುವುದೂ ಚಿಂತೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಚನ್ನಗಿರಿ ಟೀಚರ್:

ಅಕ್ಕಾ, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಶಾಲೆಯಿಂದ ಪ್ರತಿ ವರ್ಷ ಮಕ್ಕಳನ್ನು ಈ ಪರೀಕ್ಷೆಗೆ ಕೂರಿಸುತ್ತೇವೆ.

ಮೊದಲು ಆ ಹಾಜರಿ ವಿಷಯ. ಶಾಲೆಗೆ ಬಾರದ ಮಗುವಿಗೆ ಹಾಜರಿ ಹಾಕುವುದು ಸುಳ್ಳು ದಾಖಲೆ. ಅದಕ್ಕೆ ನೀವು ಒಪ್ಪಬೇಡಿ, ನಿಮ್ಮ ಹೆಡ್‌ಮಾಸ್ಟರನ್ನೂ ಆ ಸಂಕಟಕ್ಕೆ ಸಿಕ್ಕಿಸಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು ಅಂತ ಅದರಲ್ಲಿ ಇದೆ. ನಿಮ್ಮ ಮಗಳಿಗೆ ಹತ್ತು ವರ್ಷ! ಐದನೇ ಕ್ಲಾಸಿನ ಕನ್ನಡ, ಪರಿಸರ, ಇಂಗ್ಲಿಷ್ ಎಲ್ಲ ಬಿಟ್ಟು ಬರೀ ಒಂದು ಪರೀಕ್ಷೆಯ ಪ್ರಶ್ನೆ ಬಿಡಿಸುತ್ತಾ ಕೂತರೆ, ಸೀಟು ಸಿಗದ ಮಗು ಆರನೇ ಕ್ಲಾಸಿಗೆ ಬರುವಾಗ ಹಿಂದೆ ಬಿದ್ದಿರುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಕಣ್ಣಾರೆ ನೋಡುತ್ತೇನೆ.

ಒಂದೇ ಸಲ ಅನ್ನುವುದು ನಿಜ. ಆರನೇ ಕ್ಲಾಸಿನ ಪ್ರವೇಶಕ್ಕೆ ಎರಡನೇ ಸಲ ಬರೆಯುವ ಹಾಗಿಲ್ಲ. ಮಗು ಇದ್ದ ಜಿಲ್ಲೆಯಲ್ಲೇ ಐದನೇ ಕ್ಲಾಸು ಓದುತ್ತಿರಬೇಕು, ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಗ್ರಾಮೀಣ ಅಂತ ಲೆಕ್ಕಕ್ಕೆ ಬರಬೇಕಾದರೆ ಮೂರು, ನಾಲ್ಕು, ಐದು ಈ ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಪೂರ್ತಿ ಓದಿರಬೇಕು. ಒಂದು ದಿನ ಪೇಟೆ ಶಾಲೆಯಲ್ಲಿ ಹೆಸರಿದ್ದರೂ ನಗರದ ಪಟ್ಟಿಗೆ ಹೋಗುತ್ತದೆ. ಯಾರಾದರೂ ‘ಪೇಟೆ ಶಾಲೆಗೆ ಟಿ.ಸಿ. ತಗೊಂಡು ಬನ್ನಿ’ ಅಂದರೆ ಸುಮ್ನೆ ಎದ್ದು ಬಂದುಬಿಡಿ.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ, ಒಂದೊಂದಕ್ಕೆ 1.25. ಮಾನಸಿಕ ಸಾಮರ್ಥ್ಯದ ಪ್ರಶ್ನೆ 40, ಅಂಕಗಣಿತ 20, ಭಾಷೆ 20. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅರ್ಜಿಗೆ ಶುಲ್ಕವೂ ಇಲ್ಲ. ಕನ್ನಡದಲ್ಲೇ ಬರೆಯಬಹುದು, ಆದರೆ ಅರ್ಜಿ ತುಂಬುವಾಗಲೇ ಕನ್ನಡ ಅಂತ ಆರಿಸಿರಬೇಕು. ಸೈಬರ್ ಸೆಂಟರಿನವರು ಅವಸರದಲ್ಲಿ ಏನೋ ಒತ್ತಿಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡಿ.

ಕೊಪ್ಪಳದ ಅಪ್ಪ:

ನನ್ನ ಮಗ ಕುಕನೂರಿನ ನವೋದಯದಲ್ಲಿ ಓದುತ್ತಿದ್ದಾನೆ. ಯಾವ ಕೋಚಿಂಗಿಗೂ ಹೋದವನಲ್ಲ. ಶಾಲೆಯ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಕೊಟ್ಟರು. ಸಂಜೆ ನಾನೋ ಅವನ ಅಮ್ಮನೋ ಪಕ್ಕದಲ್ಲಿ ಕೂರುತ್ತಿದ್ದೆವು. ದಿನಕ್ಕೆ ಒಂದು ತಾಸು. ಅದರ ಮೇಲೆ ಎಳೆದರೆ ಹುಡುಗರ ತಲೆಗೆ ಏನೂ ಹೋಗುವುದಿಲ್ಲ ರೀ, ಆಕಳಿಸುತ್ತಾ ಕೂರುತ್ತಾರೆ.

ಪಕ್ಕದಲ್ಲಿ ಕೂರುವುದು ಅಂದೆನಲ್ಲ, ಅದು ಬಹಳ ಮುಖ್ಯ. ಟಿ.ವಿ. ಹಾಕಿಕೊಂಡು ‘ಹೋಗಿ ಓದ್ಕೋ’ ಅಂದರೆ ಆಗುವುದಿಲ್ಲ. ನಾವು ಮೊಬೈಲನ್ನೂ ಬದಿಗಿಟ್ಟು ಕೂರುತ್ತಿದ್ದೆವು. ಅವನು ಲೆಕ್ಕ ಬಿಡಿಸುವಾಗ ನಾನು ಅಂಗಡಿಯ ಉದ್ರಿ ಪುಸ್ತಕ ಬರೆಯುತ್ತಿದ್ದೆ. ಅಪ್ಪನೂ ಕೆಲಸ ಮಾಡುತ್ತಿದ್ದಾನೆ ಅಂತ ಕಂಡರೆ ಮಗನೂ ಕೂರುತ್ತಾನೆ.

ಹಿರೇಕೆರೂರು ಕಡೆಯವಳು:

ಟೀಚರ್, ಅಣ್ಣಾ, ಇಬ್ಬರಿಗೂ ಧನ್ಯವಾದ. ಒಂದು ತಾಸು ಅಂದಿದ್ದು ಕೇಳಿ ಎಷ್ಟೋ ಹಗುರ ಆಯಿತು. ಇಲ್ಲಿ ಎಲ್ಲರೂ ಆರು ತಾಸು, ಎಂಟು ತಾಸು ಅಂತ ಹೆದರಿಸಿದ್ದರು.

ಹಳೆಯ ಪತ್ರಿಕೆ ಸಿಕ್ಕಿದೆ. ಭಾಷೆ ಪರವಾಗಿಲ್ಲ. ಗಣಿತದಲ್ಲಿ ಕೆಲವು ಅವಳ ಪುಸ್ತಕದಲ್ಲೇ ಇಲ್ಲ. ಆಮೇಲೆ ಕಾಗದ ಮಡಚಿ ತೂತು ಮಾಡುವ ಚಿತ್ರಗಳು ಬರುತ್ತವಲ್ಲ, ಅವು ನನಗೇ ತಿಳಿಯುತ್ತಿಲ್ಲ. ಅವಳಿಗೆ ಹೇಗೆ ಹೇಳಲಿ?

ಸಾಗರದ ನಿವೃತ್ತ ಮೇಷ್ಟ್ರು:

ತಾಯೀ, ಚಿತ್ರ ನೋಡಿ ವಿವರಿಸಲು ಹೋಗಬೇಡಿ. ಹಳೆಯ ಪೇಪರಿನ ಒಂದು ಚೌಕ ಕತ್ತರಿಸಿ ಮಗುವಿನ ಕೈಗೆ ಕೊಡಿ. ನಡುವೆ ಒಂದು ಸಲ ಮಡಚಲಿ. ಪೆನ್ನಿನ ಮೊನೆಯಿಂದ ಒಂದು ತೂತು ಮಾಡಲಿ. ಬಿಚ್ಚುವ ಮೊದಲು ಕೇಳಿ: ಎಷ್ಟು ತೂತು ಇರುತ್ತವೆ, ಎಲ್ಲೆಲ್ಲಿ ಇರುತ್ತವೆ? ಸ್ಲೇಟಿನ ಮೇಲೆ ಗುರುತು ಹಾಕಲಿ. ಆಮೇಲೆ ಬಿಚ್ಚಲಿ. ಎರಡು ತೂತು, ಮಡಿಕೆಯ ಗೆರೆಯ ಆಚೆ ಈಚೆ ಒಂದೇ ದೂರದಲ್ಲಿ. ಎರಡು ಸಲ ಮಡಚಿದರೆ ನಾಲ್ಕು. ಮಡಿಕೆಯ ಗೆರೆಯ ಮೇಲೆಯೇ ಚುಚ್ಚಿದರೆ ಏನಾಗುತ್ತದೆ ಅಂತ ಮಗುವೇ ಕೇಳುತ್ತದೆ. ಕೇಳಲಿ, ಮಾಡಿ ನೋಡಲಿ. ಮೂಲೆಯಿಂದ ಮೂಲೆಗೆ ಮಡಚಲಿ. ಸ್ವಲ್ಪ ದಿನ ಹೀಗೆ ಆಡಿದ ಮಗುವಿಗೆ ಚಿತ್ರ ನೋಡಿದ ಕೂಡಲೇ ಕಾಗದ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಕನ್ನಡಿ ಬಿಂಬದ ಪ್ರಶ್ನೆಗೂ ಅಷ್ಟೇ, ಮನೆಯ ಕನ್ನಡಿ ಇಳಿಸಿ ಪುಸ್ತಕದ ಪಕ್ಕ ನಿಲ್ಲಿಸಿ. ಗುಂಪಿಗೆ ಸೇರದ ಚಿತ್ರ, ಮುಂದೆ ಬರುವ ಚಿತ್ರ, ಅಡಗಿರುವ ಚಿತ್ರ, ಅರ್ಧ ಚೌಕ ಕೊಟ್ಟು ಉಳಿದ ತುಂಡು ಹುಡುಕುವುದು, ಹೀಗೆ ಹತ್ತು ಬಗೆ ಇವೆ. ಒಂದೊಂದು ಬಗೆಗೂ ನಾಲ್ಕು ಪ್ರಶ್ನೆ. ನೂರರಲ್ಲಿ 50 ಅಂಕ ಇದಕ್ಕೇ. ಯಾವ ಬಗೆ ತಡವರಿಸುತ್ತದೋ ಅದನ್ನು ಮಾತ್ರ ಹಿಡಿದು ಕೂರಿ.

ಗಣಿತಕ್ಕೆ ಬರೋಣ. ನೀವು ಹೇಳಿದ್ದು ಸರಿ. ಶೇಕಡಾ, ಸರಳ ಬಡ್ಡಿ ಈ ಪರೀಕ್ಷೆಯ ಹಳೆಯ ಪಠ್ಯದಲ್ಲಿದ್ದವು, ಅದಕ್ಕೇ ಹಳೆಯ ಪತ್ರಿಕೆಗಳಲ್ಲಿ ಕಾಣುತ್ತವೆ. ಈಗಿನ ಪಠ್ಯದಲ್ಲಿ ಲಾಭ ನಷ್ಟ ಇದೆ, ಅದೂ ಶೇಕಡಾ ಲೆಕ್ಕ ಇಲ್ಲದೆ. ಅದನ್ನು ಮನೆಯಲ್ಲೇ ಹೇಳಿಕೊಡಬೇಕು. ರೈತರ ಮನೆ ತಾನೇ, ಸೊಸೈಟಿ ಸಾಲ, ಬೆಳೆ ಮಾರಿದ ಚೀಟಿ ಎಲ್ಲ ಇರುತ್ತವೆ. ಗೋವಿನಜೋಳದ ಚೀಟಿ ಇಟ್ಟುಕೊಂಡು ಕ್ವಿಂಟಲ್ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು ಕಳೆದರು, ಕೈಗೆ ಎಷ್ಟು ಬಂತು ಅಂತ ಮಗಳ ಹತ್ತಿರ ಲೆಕ್ಕ ಹಾಕಿಸಿ. ಸೂತ್ರ ಆಮೇಲೆ ಬರಲಿ.

ಇನ್ನೊಂದು ಮಾತು. ಮಗು ತಪ್ಪು ಮಾಡಿದಾಗ ಉತ್ತರ ಹೊಡೆದುಹಾಕಬೇಡಿ, ಹೇಗೆ ಮಾಡಿದೆ ಅಂತ ಕೇಳಿ. ಒಂದು ಉದಾಹರಣೆ ಕೊಡುತ್ತೇನೆ. ಬೆಳಿಗ್ಗೆ 10 ಗಂಟೆ 35 ನಿಮಿಷಕ್ಕೆ ಹೊರಟ ಬಸ್ಸು 2 ಗಂಟೆ 50 ನಿಮಿಷ ಓಡಿದರೆ ಎಷ್ಟು ಹೊತ್ತಿಗೆ ತಲುಪುತ್ತದೆ? ಎಷ್ಟೋ ಮಕ್ಕಳು 12.85 ಅಂತ ಬರೆಯುತ್ತಾರೆ. ಅದು ಅಜಾಗರೂಕತೆ ಅಲ್ಲ. ಮಗು ಕೂಡುವುದನ್ನು ಸರಿಯಾಗೇ ಕೂಡಿದೆ, ಬೇರೆ ಲೆಕ್ಕದಲ್ಲಿ ನೂರು ತುಂಬಿದ ಮೇಲೆ ಒಂದು ಏರಿಸುವ ಹಾಗೆ ಇಲ್ಲೂ ನೂರಕ್ಕೇ ಏರುತ್ತದೆ ಅಂದುಕೊಂಡಿದೆ. 60 ನಿಮಿಷಕ್ಕೆ ಒಂದು ಗಂಟೆ ಅಂತ ಗಡಿಯಾರದ ಮುಳ್ಳು ತಿರುಗಿಸಿ ತೋರಿಸಿದರೆ 1 ಗಂಟೆ 25 ನಿಮಿಷ ಅಂತ ತಾನೇ ಹೇಳುತ್ತದೆ. ಗದರಿಸಿದರೆ ಆ ತಪ್ಪು ಒಳಗೇ ಉಳಿಯುತ್ತದೆ, ಮೇಲೆ ಅಳುಕು ಬೇರೆ ಸೇರಿಕೊಳ್ಳುತ್ತದೆ.

ಭಾಷೆ ಪರವಾಗಿಲ್ಲ ಅಂದಿರಿ. ಆದರೂ ಬಿಡಬೇಡಿ. ನಾಲ್ಕು ಗದ್ಯ ಭಾಗ ಕೊಟ್ಟು ಒಂದೊಂದರ ಕೆಳಗೆ ಐದು ಪ್ರಶ್ನೆ ಕೇಳುತ್ತಾರೆ. ಗೈಡು ಓದಿದ ಮಗುವಿಗಿಂತ ಕತೆ ಓದಿದ ಮಗು ಇಲ್ಲಿ ಬೇಗ ಮುಗಿಸುತ್ತದೆ. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿರುತ್ತಾರೆ, ಮಗಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ರಾತ್ರಿ ಊಟ ಆದ ಮೇಲೆ ಅಜ್ಜಿಗೆ ಒಂದು ಕತೆ ಗಟ್ಟಿಯಾಗಿ ಓದಿ ಹೇಳಲಿ. ಅಜ್ಜಿ ನಡುವೆ ಪ್ರಶ್ನೆ ಕೇಳೇ ಕೇಳುತ್ತಾರೆ. ಅದಕ್ಕಿಂತ ಒಳ್ಳೆಯ ಭಾಷಾ ತರಬೇತಿ ನಾನು ನೋಡಿಲ್ಲ.

ರಾಯಚೂರಿನ ಗೌಂಡಿ:

ಎಲ್ಲರೂ ಚಲೋ ಹೇಳಿದ್ದೀರಿ. ಆದರೆ ನಮ್ಮಂಥವರ ಮಾತೂ ಒಂದಿಷ್ಟು ಕೇಳಿ. ನಾನು ನಾಲ್ಕನೇ ಕ್ಲಾಸು, ನನ್ನ ಹೆಂಡತಿ ಶಾಲೆ ಮುಖ ನೋಡಿಲ್ಲ. ವರ್ಷದಲ್ಲಿ ಅರ್ಧ ಬೆಂಗಳೂರಲ್ಲಿ ಕಟ್ಟಡದ ಕೆಲಸ. ಮಗ ಊರಲ್ಲಿ ಅಜ್ಜಿ ಹತ್ತಿರ ಇದ್ದಾನೆ. ಸಂಜೆ ಪಕ್ಕದಲ್ಲಿ ಕೂತು ಲಾಭ ನಷ್ಟ ಹೇಳಿಕೊಡುವವರು ಯಾರು? ನವೋದಯ ಸಿಕ್ಕರೆ ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು. ನಮಗೆ ಆ ಸೀಟು ಅಂದರೆ ಒಂದು ತಲೆಮಾರು ಬದಲಾದ ಹಾಗೆ. ಅದಕ್ಕೇ ಸಾಲ ಮಾಡಿಯಾದರೂ ಕೋಚಿಂಗಿಗೆ ಹಾಕುತ್ತೇವೆ. ಅದನ್ನು ತಪ್ಪು ಅನ್ನಬೇಡಿ.

ಚನ್ನಗಿರಿ ಟೀಚರ್:

ಅಣ್ಣಾ, ನಿಮ್ಮನ್ನು ತಪ್ಪು ಅನ್ನುವುದಿಲ್ಲ. ಮನೆಯಲ್ಲಿ ಹೇಳಿಕೊಡುವವರು ಇಲ್ಲ ಅಂದರೆ ಆ ಕೆಲಸ ನಮ್ಮದು, ಶಾಲೆಯದು. ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಮುಂಚೆ ಒಂದು ತಾಸು ಈ ಮಕ್ಕಳನ್ನು ಕೂರಿಸುತ್ತೇವೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಮೇಷ್ಟ್ರುಗಳು ಹೀಗೆ ಮಾಡುತ್ತಾರೆ. ನಿಮ್ಮ ಊರಲ್ಲಿ ಇಲ್ಲದಿದ್ದರೆ ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿ. ನಾಲ್ಕೈದು ಜನ ಪಾಲಕರು ಒಟ್ಟಿಗೆ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಊರಲ್ಲಿ ಹೈಸ್ಕೂಲು, ಪಿಯುಸಿ ಓದುವ ಹುಡುಗರು ಇರುತ್ತಾರೆ, ಅವರ ಹತ್ತಿರ ಟ್ಯೂಷನ್ನಿಗೆ ಕಳಿಸುವುದೂ ಒಳ್ಳೆಯದೇ. ಸಂಜೆ ಟ್ಯೂಷನ್ನಿಗೆ ಹೋಗಿ ರಾತ್ರಿ ಅಜ್ಜಿಯ ಪಕ್ಕ ಮಲಗುವುದಕ್ಕೂ, ಅಪ್ಪ ಅಮ್ಮ ಮೊದಲೇ ದೂರ ಇರುವಾಗ ಅಜ್ಜಿಯಿಂದಲೂ ಬಿಡಿಸಿ ಹಾಸ್ಟೆಲ್ಲಿನಲ್ಲಿ ಇಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಓದು ಬರಹ ಬಾರದ ತಾಯಿಯೂ ಮಾಡಬಹುದಾದದ್ದು ಇದೆ. ‘ಇವತ್ತು ಏನು ಮಾಡಿದೆ, ನನಗೂ ಹೇಳು’ ಅಂತ ಫೋನಿನಲ್ಲಿ ದಿನಾ ಕೇಳಿ. ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗ ಮಗುವಿಗೆ ತನಗೆ ಏನು ಗೊತ್ತಿಲ್ಲ ಅನ್ನುವುದು ತಾನಾಗೇ ಗೊತ್ತಾಗುತ್ತದೆ. ನಮ್ಮಲ್ಲಿ ಸೀಟು ಸಿಕ್ಕ ಮಕ್ಕಳಲ್ಲಿ ಓದು ಬಾರದ ತಾಯಂದಿರ ಮಕ್ಕಳೂ ಇದ್ದಾರೆ ಅಣ್ಣಾ.

ರಾಯಚೂರಿನ ಗೌಂಡಿ:

ಆಯಿತು ಟೀಚರ್. ಊರಿಗೆ ಹೋದಾಗ ಹೆಡ್‌ಮಾಸ್ಟರ್ ಹತ್ತಿರ ಮಾತಾಡುತ್ತೇನೆ. ಪಿಯುಸಿ ಮಾಡಿದ ಹುಡುಗಿ ಒಬ್ಬಳು ನಮ್ಮ ಓಣಿಯಲ್ಲೇ ಇದ್ದಾಳೆ, ಅವಳನ್ನೂ ಕೇಳುತ್ತೇನೆ.

ಹಳೆ ನವೋದಯ ವಿದ್ಯಾರ್ಥಿನಿ, ಪುತ್ತೂರು:

ನಾನು ನವೋದಯದಲ್ಲಿ ಆರರಿಂದ ಹನ್ನೆರಡರ ತನಕ ಓದಿದವಳು. ಈಗ ಬ್ಯಾಂಕಿನಲ್ಲಿ ಕೆಲಸ. ನನಗೆ ಸಿಕ್ಕಿದ್ದೆಲ್ಲ ಅಲ್ಲಿಂದಲೇ ಸಿಕ್ಕಿದ್ದು, ಆ ಶಾಲೆ ಅಂದರೆ ಈಗಲೂ ಪ್ರಾಣ. ಆದರೆ ಇಲ್ಲಿ ಇಷ್ಟು ಹೊತ್ತೂ ಪರೀಕ್ಷೆಯ ಬಗ್ಗೆಯೇ ಮಾತಾಯಿತು. ಪಾಸಾದ ಮೇಲೆ ಏನು ಅನ್ನುವುದನ್ನು ಯಾರೂ ಮಗುವಿನ ಹತ್ತಿರ ಮಾತಾಡುವುದಿಲ್ಲ. ಪಾಸಾಗುವುದು ಅಂದರೆ ಹತ್ತು ಹನ್ನೊಂದು ವರ್ಷಕ್ಕೆ ಮನೆ ಬಿಡುವುದು.

ಅಕ್ಕಾ, ನಿಮ್ಮ ಮಗಳಿಗೆ ಅದು ಗೊತ್ತಿದೆಯಾ? ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಬೇಗ ಎಬ್ಬಿಸಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಬಟ್ಟೆ ತಾನೇ ಒಗೆಯಬೇಕು. ಬಡಿಸಿದ್ದನ್ನು ತಿನ್ನಬೇಕು. ಜಡೆ ತಾನೇ ಹೆಣೆದುಕೊಳ್ಳಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಆರನೇ ಕ್ಲಾಸಿನ ಹುಡುಗಿಯರು ಅತ್ತು ಕೂರುವುದು ಇಂಥ ಬೆಳಿಗ್ಗೆಗಳಲ್ಲೇ. ಬೆಲ್ ಹೊಡೆದಿರುತ್ತದೆ, ಒಂದು ಜಡೆ ಆಗಿರುತ್ತದೆ, ಇನ್ನೊಂದು ಬಿಚ್ಚಿ ಬಿಚ್ಚಿ ಹೋಗುತ್ತಿರುತ್ತದೆ, ರಿಬ್ಬನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತಾಳೆ. ಆಗ ದೊಡ್ಡ ಕ್ಲಾಸಿನ ಅಕ್ಕ ಒಬ್ಬಳು ಬಂದು ಹಿಂದೆ ಕೂತು ಹೆಣೆದುಕೊಡುತ್ತಾಳೆ. ನಾನೂ ಎಷ್ಟೋ ಜನರಿಗೆ ಹೆಣೆದಿದ್ದೇನೆ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಹೌಸುಗಳು ಇರುತ್ತವೆ. ಒಂದು ಹೌಸಿಗೆ ಸೇರಿದ ಮೇಲೆ ಅದೇ ಮನೆ ಆಗಿಬಿಡುತ್ತದೆ. ಆದರೆ ಕೆಲವು ಮಕ್ಕಳಿಗೆ ಆಗುವುದೇ ಇಲ್ಲ. ಅವರು ವಾಪಸ್ ಹೋಗುತ್ತಾರೆ. ಅದರಲ್ಲಿ ನಾಚಿಕೆಯ ಮಾತು ಏನೂ ಇಲ್ಲ.

ಅದಕ್ಕೆ ಮೊದಲು ಮಗಳನ್ನು ಕೇಳಿ. ‘ಹೋಗ್ತೀಯಾ?’ ಅಂತ ಎಲ್ಲರ ಎದುರು ಕೇಳಿದರೆ ಹೂಂ ಅನ್ನುತ್ತಾಳೆ. ಒಬ್ಬಳೇ ಇರುವಾಗ, ಕೆಲಸ ಮಾಡುತ್ತಾ ಮಾಡುತ್ತಾ ಕೇಳಿ. ಸಾಧ್ಯ ಆದರೆ ನಿಮ್ಮ ಜಿಲ್ಲೆಯ ಶಾಲೆಯಲ್ಲಿ ಓದುತ್ತಿರುವ ಹುಡುಗಿಯನ್ನು ರಜೆಯಲ್ಲಿ ಭೇಟಿ ಮಾಡಿಸಿ, ಇಬ್ಬರನ್ನೇ ಮಾತಾಡಲು ಬಿಡಿ. ಒಂಬತ್ತನೇ ಕ್ಲಾಸಿಗೆ ಬಂದಾಗ ಕೆಲವು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಎಂಟರ ತನಕ ಕನ್ನಡದಲ್ಲಿ ಪಾಠ ಇರುತ್ತದೆ, ಒಂಬತ್ತರಿಂದ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ಇದೆಲ್ಲ ಮಗುವಿಗೂ ನಿಮಗೂ ಈಗಲೇ ಗೊತ್ತಿರಲಿ.

ಹಿರೇಕೆರೂರು ಕಡೆಯವಳು:

ತಂಗೀ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಿಜ, ನಾವು ಯಾರೂ ಅವಳನ್ನು ಕೇಳಿರಲಿಲ್ಲ. ಇವತ್ತು ಸೊಪ್ಪು ಬಿಡಿಸುತ್ತಾ ಕೇಳಿದೆ. ‘ರಜೆಗೆ ಮನೆಗೆ ಬಿಡ್ತಾರಾ, ಲೈಬ್ರರಿ ಇದೆಯಾ, ತಮ್ಮನ್ನ ನೋಡೋಕೆ ಕರ್ಕೊಂಡು ಬರ್ತೀಯಾ’ ಅಂತ ಮೂರು ಪ್ರಶ್ನೆ ತಿರುಗಿ ಕೇಳಿದಳು. ಹೋಗುವ ಆಸೆ ಅವಳಿಗೇ ಇದೆ ಅನ್ನಿಸಿತು.

ಹಳೆ ನವೋದಯ ವಿದ್ಯಾರ್ಥಿನಿ, ಪುತ್ತೂರು:

ಮೂರಕ್ಕೂ ಹೌದು ಅಂತ ಹೇಳಿ ಅಕ್ಕಾ. ರಜೆ ಇದೆ, ಲೈಬ್ರರಿ ಇದೆ, ಪಾಲಕರ ಭೇಟಿಗೆ ಅಂತಲೇ ದಿನ ಗೊತ್ತುಮಾಡಿರುತ್ತಾರೆ. ಈಗಿನಿಂದಲೇ ತನ್ನ ಬಟ್ಟೆ ತಾನು ಒಗೆಯಲಿ, ಜಡೆ ತಾನೇ ಹಾಕಿಕೊಳ್ಳಲಿ. ಸೀಟು ಸಿಗದಿದ್ದರೂ ಕಲಿತದ್ದು ಕಲಿತ ಹಾಗೇ ಇರುತ್ತದಲ್ವಾ.

ದಾವಣಗೆರೆ ಕಡೆಯ ತಂದೆ:

ಸೀಟು ಸಿಗದ ಹುಡುಗನ ಅಪ್ಪ ನಾನು. ಅದರ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಬರೆಯುವ ಮಕ್ಕಳಲ್ಲಿ ಬಹುಪಾಲು ಇವರೇ. ಒಂದು ಜಿಲ್ಲೆಯಲ್ಲಿ ಸಾವಿರಾರು ಮಕ್ಕಳು ಕೂರುತ್ತಾರೆ, ಸೀಟು 80. ಸಿಗದ ಮಗು ದಡ್ಡ ಅಲ್ಲ. ಇದನ್ನು ಪರೀಕ್ಷೆಗೆ ಮುಂಚೆಯೇ ಮಗುವಿಗೂ ಮನೆಯ ಹಿರಿಯರಿಗೂ ಹೇಳಿಬಿಡಬೇಕು. ನಮ್ಮ ಮನೆಗೆ ಬಂದು ಹೋಗುವವರಿಗೆಲ್ಲ ನಾನು ಹೇಳಿದ್ದೆ: ರಿಸಲ್ಟ್ ಏನಾಯಿತು ಅಂತ ಹುಡುಗನನ್ನು ಕೇಳಬೇಡಿ, ಕೇಳುವುದಿದ್ದರೆ ನನ್ನನ್ನು ಕೇಳಿ.

ಪಟ್ಟಿ ಬಂದ ದಿನ ನಾನೇ ನೋಡಿ, ನಾನೇ ಹೇಳಿದೆ. ‘ಹೆಸರು ಬಂದಿಲ್ಲ ಮಗಾ.’ ಸುತ್ತಿ ಬಳಸಿ ಹೇಳಲಿಲ್ಲ. ‘ಚಿಂತೆ ಮಾಡಬೇಡ’ ಅಂತಲೂ ಹೇಳಲಿಲ್ಲ, ಅವನಿಗೆ ಬೇಜಾರಾಗಿತ್ತು, ಬೇಜಾರಾಗಲಿ. ಸ್ವಲ್ಪ ಹೊತ್ತು ಆದ ಮೇಲೆ ಯಾರಿಗೆ ಸಿಕ್ಕಿತು ಅಂತ ಕೇಳಿದ. ಅವನ ಜತೆ ಓದುವ ಹುಡುಗಿಗೆ ಸಿಕ್ಕಿತ್ತು. ಸಂಜೆ ಇಬ್ಬರೂ ಅವರ ಮನೆಗೆ ಹೋಗಿ ಬಂದೆವು.

ಮುಂದಿನದೂ ಹೇಳುತ್ತೇನೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಓದುವ ಮಕ್ಕಳಿಗೆ ಎಂಟನೇ ಕ್ಲಾಸಿನಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷದೊಳಗೆ ಇರಬೇಕು. ನವೋದಯದಂಥ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ, ನಮ್ಮ ಊರಿನ ಶಾಲೆಯಲ್ಲೇ ಉಳಿದ ಮಕ್ಕಳಿಗೇ ಅಂತ ಇರುವುದು. ಅದರಲ್ಲಿ ಅರ್ಧ ಪತ್ರಿಕೆ ಮಾನಸಿಕ ಸಾಮರ್ಥ್ಯದ್ದೇ. ಐದನೇ ಕ್ಲಾಸಿನಲ್ಲಿ ಕಲಿತದ್ದು ನನ್ನ ಮಗನಿಗೆ ಅಲ್ಲಿ ಕೈಹಿಡಿಯಿತು. ಅವನಿಗೆ ಈಗ ಆ ವೇತನ ಬರುತ್ತಿದೆ. ನವೋದಯದಲ್ಲಿ ಖಾಲಿ ಬಿದ್ದ ಸೀಟಿಗೆ ಒಂಬತ್ತನೇ ಕ್ಲಾಸಿಗೂ ಪ್ರವೇಶ ಪರೀಕ್ಷೆ ಇರುತ್ತದೆ. ಒಂದೇ ಅವಕಾಶ ಅಂತ ಮಗುವಿನ ಕಿವಿಯಲ್ಲಿ ದಿನಾ ಊದಬೇಡಿ.

ಕೊಪ್ಪಳದ ಅಪ್ಪ:

ಅಣ್ಣಾ, ಇದನ್ನು ಬರೆದದ್ದು ಒಳ್ಳೆಯದಾಯಿತು. ನಮ್ಮ ಓಣಿಯಲ್ಲಿ ಒಬ್ಬರು ಮಗನ ಎದುರಿಗೇ ಬೇರೆಯವರಿಗೆ ‘ಇವನ ಕೈಲಿ ಆಗಲಿಲ್ಲ’ ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದಾರೆ. ಕೇಳಿದರೆ ಕರುಳು ಚುರ್ ಅನ್ನುತ್ತದೆ.

ಗಂಗಾವತಿ ಅಮ್ಮ:

ಮೊರಾರ್ಜಿಯನ್ನು ಯಾಕೆ ಯಾರೂ ಹೇಳುತ್ತಿಲ್ಲ? ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. 100 ಪ್ರಶ್ನೆ, ಎರಡು ಗಂಟೆ. ಅಲ್ಲಿ ವಿಜ್ಞಾನ, ಸಮಾಜ, ಇಂಗ್ಲಿಷ್, ಸಾಮಾನ್ಯ ಜ್ಞಾನವೂ ಬರುತ್ತವೆ, ಹಾಗಾಗಿ ಶಾಲೆಯ ಪುಸ್ತಕ ಓದಿಕೊಂಡಿರಬೇಕು. ಇದಕ್ಕಾದರೂ ಶಾಲೆ ಬಿಡಿಸಬಾರದು. ನನ್ನ ಮಗಳು ಅಲ್ಲೇ ಓದುತ್ತಿರುವುದು, ಮನೆಗೆ ಹತ್ತಿರ. ಹಾಸ್ಟೆಲ್ ಬೇಡ ಅನ್ನುವವರಿಗೆ ಆದರ್ಶ ವಿದ್ಯಾಲಯ ಇದೆ, ದಿನಾ ಹೋಗಿ ಬರುವ ಇಂಗ್ಲಿಷ್ ಮಾಧ್ಯಮದ ಸರ್ಕಾರಿ ಶಾಲೆ, ಅದಕ್ಕೂ ಪರೀಕ್ಷೆ ಇದೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ, ಅರ್ಜಿಯಲ್ಲಿ ಅದರ ಆರ್‌.ಡಿ. ನಂಬರ್ ಕೇಳುತ್ತಾರೆ.

ನಿಪ್ಪಾಣಿ ಓದುಗ:

ಸೈನಿಕ ಶಾಲೆ ಬಗ್ಗೆ ಯಾರಾದರೂ ಹೇಳಿ. ವಿಜಯಪುರ, ಕೊಡಗು ಎರಡೂ ಒಂದೇ ಪರೀಕ್ಷೆಯಾ?

ಸಾಗರದ ನಿವೃತ್ತ ಮೇಷ್ಟ್ರು:

ಹೌದು, ಒಂದೇ ಅಖಿಲ ಭಾರತ ಪರೀಕ್ಷೆ. ಆರನೇ ತರಗತಿಗೆ 125 ಪ್ರಶ್ನೆ, 300 ಅಂಕ, ಅದರಲ್ಲಿ 150 ಗಣಿತಕ್ಕೇ. ಈಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ಫೀಸು ಇದೆ, ಕಡಿಮೆ ಅಲ್ಲ. ದೇಹ ಪರೀಕ್ಷೆಯೂ ಇದೆ. ನವೋದಯಕ್ಕೆ ಓದಿದ್ದೇ ಅದಕ್ಕೂ ಸಾಕು ಅಂದುಕೊಳ್ಳಬೇಡಿ, ಗಣಿತ ಅಲ್ಲಿ ಗಟ್ಟಿ. ಮೂರು ನಾಲ್ಕು ಪರೀಕ್ಷೆಯನ್ನು ಒಂದೇ ವರ್ಷ ಒಂದು ಮಗುವಿನ ತಲೆಯ ಮೇಲೆ ಹೇರುವುದು ನನಗೆ ಒಪ್ಪಿಗೆಯಿಲ್ಲ. ಎರಡು ಸಾಕು. ಮಗು ಸಂಜೆ ಆಡಲೂ ಬೇಕಲ್ಲ!

ಚನ್ನಗಿರಿ ಟೀಚರ್:

ಪರೀಕ್ಷೆಯ ದಿನದ ಬಗ್ಗೆ ಎರಡು ಮಾತು. ಉತ್ತರ ಬರೆಯುವುದು ಓ.ಎಂ.ಆರ್. ಹಾಳೆಯಲ್ಲಿ. ನಮ್ಮ ಮಕ್ಕಳು ಮೂರನೇ ಕ್ಲಾಸಿನ ತನಕ ನಲಿ-ಕಲಿಯಲ್ಲಿ ಕಾರ್ಡು ಹಿಡಿದು ಗುಂಪಿನಲ್ಲಿ ಕೂತು ಕಲಿತವರು. ಉತ್ತರದ ಸಣ್ಣ ವೃತ್ತ ತುಂಬುವ ಹಾಳೆ ಅವರಿಗೆ ತೀರಾ ಹೊಸದು. ನೀಲಿ ಅಥವಾ ಕಪ್ಪು ಬಾಲ್ ಪೆನ್ನಿನಲ್ಲೇ ತುಂಬಬೇಕು, ಪೆನ್ಸಿಲ್ ಇಲ್ಲ. ಒಮ್ಮೆ ತುಂಬಿದರೆ ಅಳಿಸುವ ಹಾಗಿಲ್ಲ, ವೈಟ್‌ನರ್ ಹಚ್ಚುವ ಹಾಗಿಲ್ಲ. ಲೆಕ್ಕ ಸರಿ ಮಾಡಿ, ಒಂದು ಸಾಲು ಕೆಳಗೆ ಜಾರಿ, ಅಲ್ಲಿಂದ ಮುಂದೆ ಎಲ್ಲ ಪ್ರಶ್ನೆಗೂ ತಪ್ಪು ಜಾಗದಲ್ಲಿ ತುಂಬಿಕೊಂಡು ಹೋಗುವ ಮಕ್ಕಳು ಇದ್ದಾರೆ. ಒಂದು ಮಾದರಿ ಹಾಳೆಯ ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಪ್ರತಿ ವಾರ ಒಂದು ಪತ್ರಿಕೆ ಗಡಿಯಾರ ಇಟ್ಟು ಬರೆಸಿ. ಪ್ರತಿ ಹತ್ತು ಪ್ರಶ್ನೆಗೆ ಒಮ್ಮೆ ನಂಬರ್ ಹೊಂದಿಸಿ ನೋಡುವ ಅಭ್ಯಾಸ ಆಗಲಿ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಬಂದು ಅಂದಾಜಿನಲ್ಲಾದರೂ ತುಂಬಲಿ, ಅಂಕ ಕಳೆಯುವುದಿಲ್ಲವಲ್ಲ.

ಕೇಂದ್ರ ದೂರ ಇದ್ದರೆ ಒಂದು ಸಲ ಮೊದಲೇ ತೋರಿಸಿಕೊಂಡು ಬನ್ನಿ. ದಿನಾ ತಿನ್ನುವುದನ್ನೇ ತಿನ್ನಿಸಿ ಕರೆದುಕೊಂಡು ಹೋಗಿ. ಹೊರಗೆ ಬಂದ ಕೂಡಲೇ ಗೇಟಿನಲ್ಲೇ ಪತ್ರಿಕೆ ಕಿತ್ತುಕೊಂಡು ‘ಇದಕ್ಕೇನು ಬರೆದೆ’ ಅಂತ ಶುರು ಮಾಡುತ್ತಾರೆ ಕೆಲವರು. ಮೊದಲು ಮಗುವಿಗೆ ನೀರು ಕೊಡಿ.

ಹಿರೇಕೆರೂರು ಕಡೆಯವಳು:

ಎಲ್ಲರಿಗೂ ಶರಣು. ಮನೆಯವರೂ ಎಲ್ಲ ಓದಿದರು. ಕೋಚಿಂಗಿಗೆ ಕಳಿಸುವುದಿಲ್ಲ ಅಂತ ತೀರ್ಮಾನ ಆಯಿತು, ಮೈದುನನಿಗೂ ಹೇಳಿದೆವು. ನಮ್ಮ ಶಾಲೆಯಲ್ಲಿ ಇನ್ನೂ ನಾಲ್ಕು ಮಕ್ಕಳು ಅರ್ಜಿ ಹಾಕುತ್ತಿದ್ದಾರೆ. ಸಂಜೆ ಅವರನ್ನೂ ನಮ್ಮ ಪಡಸಾಲೆಗೆ ಕರೆದುಕೊಂಡಿದ್ದೇನೆ. ಒಬ್ಬ ಹುಡುಗ ಗಣಿತದಲ್ಲಿ ಜೋರು, ಅವನೇ ಉಳಿದವರಿಗೆ ಹೇಳಿಕೊಡುತ್ತಾನೆ. ಕಾಗದ ಮಡಚುವ ಆಟದಿಂದ ಮನೆ ತುಂಬಾ ಪೇಪರ್ ಚೂರು!

ಶಿಗ್ಗಾಂವಿ ಅಪ್ಪ:

ನಡುವೆ ಒಂದು ಸಂಶಯ. ನಾವು ಹಿಂದುಳಿದ ವರ್ಗದ 2ಎ. ಮಗನ ಶಾಲೆಯಲ್ಲಿ ಕೊಟ್ಟಿರುವ ಜಾತಿ ಪ್ರಮಾಣಪತ್ರವೇ ನವೋದಯಕ್ಕೂ ನಡೆಯುತ್ತದಾ?

ಚನ್ನಗಿರಿ ಟೀಚರ್:

ನಡೆಯುವುದಿಲ್ಲ ಸರ್. 2ಎ, 3ಬಿ ಅನ್ನುವುದು ನಮ್ಮ ರಾಜ್ಯದ ಪಟ್ಟಿ. ನವೋದಯದಲ್ಲಿ ಒಬಿಸಿ ಮೀಸಲಾತಿ ಕೇಂದ್ರದ ಪಟ್ಟಿಯ ಪ್ರಕಾರ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪ್ರಮಾಣಪತ್ರ ಮಾಡಿಸಬೇಕು. ನಾಡಕಚೇರಿಯಲ್ಲಿ ಬರೀ ಜಾತಿ ಪ್ರಮಾಣಪತ್ರ ಅಂದರೆ ರಾಜ್ಯದ್ದನ್ನೇ ಕೊಟ್ಟು ಕಳಿಸುತ್ತಾರೆ, ಕೇಂದ್ರದ ಒಬಿಸಿ ಅಂತ ಬಾಯಿ ಬಿಟ್ಟು ಕೇಳಿ. ಆಯ್ಕೆಯಾದ ಮೇಲೆ ಓಡಾಡಿದರೆ ದಾಖಲಾತಿ ಹೊತ್ತಿಗೆ ಕೈಗೆ ಸಿಗುವುದು ಕಷ್ಟ, ಈಗಲೇ ಅರ್ಜಿ ಕೊಟ್ಟುಬಿಡಿ.